ಕಾಫಿ ಮೂಟೆಗೆ ಬ್ಲಾಕ್‌ಚೈನ್ ಬೇಕಾ? ಅದು ಕೆಲಸ ಮಾಡೋದು ಹೇಗೆ?

ಏಲಕ್ಕಿಮಲೆ:
ಮೂಡಿಗೆರೆ ಕಡೆಯ ಕಾಫಿ ಬೆಳೆಗಾರರ ಉತ್ಪಾದಕ ಕಂಪನಿ ನಮ್ಮದು, ಹೆಚ್ಚಿನವರು ಸಣ್ಣ ಹಿಡುವಳಿದಾರರು. ಮೂಟೆ ಮೂಟೆಗೂ ಕ್ಯೂಆರ್ ಕೋಡ್ ಅಂಟಿಸಿ, ತೋಟದಿಂದ ರಫ್ತಿನವರೆಗಿನ ಲೆಕ್ಕವನ್ನು ಬ್ಲಾಕ್‌ಚೈನ್‌ನಲ್ಲಿ ಇಡ್ತೀವಿ, ಯುರೋಪಿನವರು ಈಗ ಇದನ್ನೇ ಕೇಳೋದು ಅಂತ ಸಾಫ್ಟ್‌ವೇರ್‌ನವರು ಬಂದಿದ್ದಾರೆ. 2019ರಲ್ಲಿ ಕಾಫಿ ಮಂಡಳಿ ಬ್ಲಾಕ್‌ಚೈನ್ ಮಾರುಕಟ್ಟೆಯನ್ನು ಪ್ರಾಯೋಗಿಕವಾಗಿ ಶುರು ಮಾಡಿದಾಗಲೂ ಈ ಹೆಸರು ಕೇಳಿದ್ವಿ. ಬಿಟ್‌ಕಾಯಿನ್‌ಗೂ ಕಾಫಿ ಮೂಟೆಗೂ ಏನು ಸಂಬಂಧ? ನಮಗೆ ಇದು ಬೇಕಾ?

ಕೊಂಡಿ_ಕಂತೆ:
ಬಿಟ್‌ಕಾಯಿನ್ ಸದ್ಯ ಪಕ್ಕಕ್ಕಿಡಿ. ಹ್ಯಾಶ್ ಅಂದರೇನು ಅಂತ ತಿಳಿದರೆ ಅರ್ಧ ಮುಗೀತು. ಶಾ-256 ಅನ್ನೋ ಲೆಕ್ಕಕ್ಕೆ ಒಂದು ಸಾಲು ಕೊಡಿ, ಸಾವಿರ ಪುಟ ಕೊಡಿ, 64 ಅಕ್ಷರ-ಅಂಕಿಗಳ ಒಂದು ಗುರುತು ಬರುತ್ತೆ. ಅದೇ ಹ್ಯಾಶ್. "ಲಾಟ್ 17, ಪಾರ್ಚ್‌ಮೆಂಟ್, 50 ಕೆಜಿ" (ಪಾರ್ಚ್‌ಮೆಂಟ್ ಅಂದರೆ ಹೊಟ್ಟು ತೆಗೆಯದ ಕಾಫಿ ಬೀಜ) ಅನ್ನೋದರಲ್ಲಿ 50 ಅನ್ನು 51 ಅಂತ ತಿದ್ದಿದರೆ ಗುರುತು ಪೂರ್ತಿ ಬೇರೆಯಾಗುತ್ತೆ. ಒಂದಷ್ಟು ನಮೂದುಗಳನ್ನು ಒಟ್ಟುಗೂಡಿಸಿದ್ದು ಬ್ಲಾಕ್. ಪ್ರತಿ ಬ್ಲಾಕ್‌ನಲ್ಲೂ ಅದರ ಹಿಂದಿನ ಬ್ಲಾಕ್‌ನ ಹ್ಯಾಶ್ ಇರುತ್ತೆ, ಹೀಗೆ ಕೊಂಡಿ ಬಿದ್ದ ಸಾಲೇ ಬ್ಲಾಕ್‌ಚೈನ್. ಹಾಗಾಗಿ ಹಳೇದರಲ್ಲಿ ಒಂದಂಕಿ ಬದಲಿಸಿದರೂ ಅಲ್ಲಿಂದೀಚೆಗಿನ ಕೊಂಡಿಯೆಲ್ಲ ಕಳಚುತ್ತೆ.

ಅಷ್ಟಕ್ಕೇ ಭದ್ರ ಆಯ್ತು ಅಂದ್ಕೋಬೇಡಿ. ಪುಸ್ತಕ ಒಬ್ಬನ ಹತ್ತಿರವೇ ಇದ್ದರೆ, ಅವನೇ ಎಲ್ಲ ಹ್ಯಾಶ್‌ಗಳನ್ನೂ ಮತ್ತೆ ಲೆಕ್ಕ ಹಾಕಿ ಕೂರಿಸಬಹುದು. ಅದು ಮಾಮೂಲಿ ಲ್ಯಾಪ್‌ಟಾಪ್‌ನಲ್ಲೇ ಆಗೋ ಕೆಲಸ. ಅದಕ್ಕೇ ಪ್ರತಿಗಳು ಒಬ್ಬರ ಹಂಗಿನಲ್ಲಿ ಇನ್ನೊಬ್ಬರಿಲ್ಲದವರ ಕೈಯಲ್ಲಿ ಇರಬೇಕು. ಬಿಟ್‌ಕಾಯಿನ್‌ನಲ್ಲಿ ಸರಾಸರಿ 10 ನಿಮಿಷಕ್ಕೊಂದು ಬ್ಲಾಕ್ ಸೇರುತ್ತೆ, ಸೇರಿಸೋ ಕೆಲಸಕ್ಕೆ (ಮೈನಿಂಗ್) ವಿಪರೀತ ಕರೆಂಟ್ ಬೇಕು. ಇಥೀರಿಯಂ ಅನ್ನೋ ಇನ್ನೊಂದು ಬ್ಲಾಕ್‌ಚೈನ್ 2022ರ ಸೆಪ್ಟೆಂಬರ್‌ನಲ್ಲಿ ಆ ದಾರಿ ಬಿಟ್ಟು, ಠೇವಣಿ ಇಟ್ಟವರು ಅನುಮೋದಿಸೋ ಪದ್ಧತಿಗೆ ಬಂತು. ಕಂಪನಿಗಳಿಗೆ ಮಾರೋದು ಸಾಮಾನ್ಯವಾಗಿ ಇನ್ನೊಂದು ಬಗೆ, ಹೈಪರ್‌ಲೆಡ್ಜರ್ ಫ್ಯಾಬ್ರಿಕ್ ಥರದ್ದು. ಅನುಮತಿ ಇದ್ದವರಿಗೆ ಮಾತ್ರ ಪ್ರವೇಶ, ನಾಣ್ಯ ಇಲ್ಲ, ಮೈನಿಂಗ್ ಇಲ್ಲ.

ಬಂದವರನ್ನು ಮೊದಲು ಕೇಳಬೇಕಾದ್ದು: ನೋಡ್‌ಗಳು, ಅಂದರೆ ಪ್ರತಿ ಇಟ್ಟುಕೊಂಡು ವ್ಯವಸ್ಥೆ ನಡೆಸೋ ಕಂಪ್ಯೂಟರ್‌ಗಳು, ಯಾರ್ಯಾರ ಬಳಿ ಇರ್ತವೆ? ಫ್ಯಾಬ್ರಿಕ್‌ನಲ್ಲಿ ನಮೂದುಗಳನ್ನು ಸರದಿಗೆ ಹಚ್ಚೋ ಆರ್ಡರಿಂಗ್ ನೋಡ್ 3 ಇದ್ದರೆ 1 ಕೈಕೊಟ್ಟರೂ ನಡೆಯುತ್ತೆ, 5 ಇದ್ದರೆ 2. ನಿಮ್ಮದೊಂದು, ಹೊಟ್ಟು ತೆಗೆಯೋ ಕ್ಯೂರಿಂಗ್‌ನವರದ್ದೊಂದು, ರಫ್ತುದಾರರದ್ದೊಂದು ಇದ್ದರೆ ಅರ್ಥವಿದೆ. ಮೂರೂ ಆ ಸಾಫ್ಟ್‌ವೇರ್‌ನವರದ್ದೇ ಕ್ಲೌಡ್ ಖಾತೆಯಲ್ಲಿದ್ದರೆ, ನೀವು ಕೊಳ್ತಿರೋದು ದುಬಾರಿ ಡೇಟಾಬೇಸ್.

ಕ್ಯೂರಿಂಗ್_ಕಟ್ಟೆ:
ಮೇಲಿನದ್ದು ಸರಿ. ಆದರೆ ತೊಂದರೆ ಶುರುವಾಗೋದು ಕಂಪ್ಯೂಟರ್‌ನಲ್ಲಲ್ಲ, ತಕ್ಕಡಿ ಹತ್ತಿರ. ಬರೆದದ್ದು ಆಮೇಲೆ ಬದಲಾಗಿಲ್ಲ ಅಂತ ಬ್ಲಾಕ್‌ಚೈನ್ ಹೇಳುತ್ತೆ. ಬರೆಯೋವಾಗಲೇ ಸುಳ್ಳು ಬರೆದಿದ್ದರೆ ಆ ಸುಳ್ಳೂ ಅಳಿಸಲಾಗದಂತೆ ಕೂತಿರುತ್ತೆ. ತಪ್ಪಿ ಬರೆದ ತೂಕವನ್ನೂ ತಿದ್ದೋಕಾಗಲ್ಲ, ಅದನ್ನು ರದ್ದು ಮಾಡೋ ಎದುರು ನಮೂದು ಹಾಕಬೇಕು. ಈ ವ್ಯವಸ್ಥೆ ಅವರ ಆ್ಯಪ್‌ನಲ್ಲಿ ಇದೆಯಾ ನೋಡಿ.

ಇನ್ನು ಮೂಟೆಯ ಕ್ಯೂಆರ್. ಹತ್ತು ಜನರ ಹಣ್ಣು ಒಂದೇ ಪಲ್ಪರ್‌ಗೆ (ಹಣ್ಣಿನ ಸಿಪ್ಪೆ ತೆಗೆಯೋ ಯಂತ್ರ) ಸುರಿದ ಮೇಲೆ ಈ ಮೂಟೆ ಇಂಥವರ ತೋಟದ್ದು ಅನ್ನೋ ಮಾತಿಗೆ ಅರ್ಥವಿಲ್ಲ. ಈ ಹತ್ತು ತೋಟಗಳದ್ದು ಅನ್ನಬಹುದು, ಅಷ್ಟೆ. ಲಾಟ್ ಬೇರೆ ಬೇರೆ ಇಡಬೇಕು ಅಂದರೆ ಪಲ್ಪರ್, ತೊಟ್ಟಿ, ಕಣ ಮೂರೂ ಕಡೆ ಬೇರೆ ಬೇರೆ ಆಗಬೇಕು, ಖರ್ಚು ಅಲ್ಲಿದೆ.

ಸುಳ್ಳು ಹಿಡಿಯೋದು ತಾಳೆ ಲೆಕ್ಕ. ಅರೇಬಿಕಾ ಹಣ್ಣು 100 ಕೆಜಿ ಬಂದರೆ ಒಣಗಿದ ಪಾರ್ಚ್‌ಮೆಂಟ್ ಸುಮಾರು 20 ಕೆಜಿ, ಅದನ್ನು ಹೊಟ್ಟು ತೆಗೆದರೆ ಸುಮಾರು 16 ಕೆಜಿ ಬೀಜ. ದಾಖಲೆಯಲ್ಲಿ ಪಾರ್ಚ್‌ಮೆಂಟ್ 24 ಕೆಜಿ ಅಂತ ಬಂದರೆ ಹೊರಗಿನ ಮಾಲು ಸೇರಿದೆ, ಇಲ್ಲವೇ ಅದು 10% ತೇವಾಂಶಕ್ಕೆ ಇಳಿಯೋ ಮೊದಲೇ ತೂಗಿದ್ದಾರೆ. ಈ ತಾಳೆಯನ್ನು ಎಕ್ಸೆಲ್ ಕೂಡ ನೋಡುತ್ತೆ. ತೂಕವನ್ನು ಕೈಯಲ್ಲಿ ಟೈಪ್ ಮಾಡೋ ಬದಲು ಡಿಜಿಟಲ್ ತಕ್ಕಡಿಯಿಂದ ನೇರ ಬರೋ ಹಾಗೆ ಮಾಡಿ. ದುಡ್ಡು ಹಾಕೋದಾದರೆ ಮೊದಲು ಅಲ್ಲಿಗೆ.

ಬ್ಲಾಕ್‌ಚೈನ್‌ಗೆ ಯಶಸ್ಸು ಸಿಕ್ಕಿದ್ದು ಎಲ್ಲಿ ಅಂದರೆ, ವಾಲ್‌ಮಾರ್ಟ್ ಮಾವಿನ ಹಣ್ಣಿನ ಪ್ರಯೋಗದಲ್ಲಿ ಮೂಲ ಹುಡುಕೋಕೆ ಸುಮಾರು 7 ದಿನ ಹಿಡಿಯುತ್ತಿದ್ದದ್ದು 2.2 ಸೆಕೆಂಡ್‌ಗೆ ಇಳೀತು. ಅಲ್ಲಿ ದೊಡ್ಡ ಖರೀದಿದಾರ ಒಬ್ಬನೇ, ಅವನು ಹೇಳಿದಂತೆ ಎಲ್ಲರೂ ದಾಖಲೆ ಕೊಡ್ತಾರೆ. ಸೋತದ್ದೂ ಇದೆ: ಹಡಗು ಕಂಪನಿ ಮೆರ್ಸ್ಕ್ ಮತ್ತು ಐಬಿಎಂ ಕಟ್ಟಿದ ಹಡಗು ಸಾಗಣೆಯ ಬ್ಲಾಕ್‌ಚೈನ್ ಟ್ರೇಡ್‌ಲೆನ್ಸ್ ಅನ್ನು ಮುಚ್ಚೋದಾಗಿ 2022ರ ನವೆಂಬರ್‌ನಲ್ಲಿ ಹೇಳಿದರು. ಇಡೀ ಉದ್ಯಮ ಒಟ್ಟಾಗಿ ಬರಲಿಲ್ಲ ಅನ್ನೋದೇ ಅವರು ಕೊಟ್ಟ ಕಾರಣ.

ಬಿಟ್‌ಬಸವ:
ಕಡಿಮೆ ಖರ್ಚಿನ ದಾರಿ ಒಂದಿದೆ, ಮಾರೋರು ಇದನ್ನ ಹೇಳಲ್ಲ. ಲೆಕ್ಕ ನಿಮ್ಮಲ್ಲೇ ಇರಲಿ, ಹ್ಯಾಶ್ ಮಾತ್ರ ಹೊರಗೆ ಹೋಗಲಿ. ದಿನದ ನಮೂದುಗಳನ್ನು ಸಂಜೆ ಸಿಎಸ್‌ವಿ (ಬರೀ ಅಕ್ಷರದ ಪಟ್ಟಿ) ಫೈಲ್ ಆಗಿ ತೆಗೀರಿ. ಅದನ್ನು ಓಪನ್‌ಟೈಮ್‌ಸ್ಟ್ಯಾಂಪ್ಸ್ ಅನ್ನೋ ಸೇವೆಗೆ ಕೊಡಿ. ಅದು ಬಹಳ ಜನರ ಹ್ಯಾಶ್‌ಗಳನ್ನು ಒಂದಾಗಿ ಮಡಚಿ ಬಿಟ್‌ಕಾಯಿನ್‌ನ ಒಂದೇ ವಹಿವಾಟಿಗೆ ಸೇರಿಸುತ್ತೆ, ಹಾಗಾಗಿ ನಿಮಗೆ ಖರ್ಚಿಲ್ಲ. ರಸೀದಿಯಂಥ ಒಂದು ಸಣ್ಣ ಓಟಿಎಸ್ ಫೈಲ್ ವಾಪಸ್ ಕೊಡುತ್ತೆ. ಬ್ಲಾಕ್‌ಗೆ ಸೇರೋಕೆ ಕೆಲವು ಗಂಟೆ ಬೇಕು. ಮಾರನೇ ದಿನ ಆ ಓಟಿಎಸ್ ಫೈಲನ್ನು ಅಪ್‌ಗ್ರೇಡ್ ಮಾಡಿದರೆ ಪುರಾವೆ ಪೂರ್ತಿ. ಇಷ್ಟಾದರೆ ಆ ಸಿಎಸ್‌ವಿ ಫೈಲ್ ಆ ದಿನಕ್ಕೇ ಹೀಗೇ ಇತ್ತು ಅಂತ ಯಾರಿಗೆ ಬೇಕಾದರೂ ತೋರಿಸಬಹುದು.

ಕೆಡೋದು ಇಲ್ಲಿ: ಆ ಸಿಎಸ್‌ವಿಯನ್ನು ಎಕ್ಸೆಲ್‌ನಲ್ಲಿ ತೆರೆದು ಸುಮ್ಮನೆ ಸೇವ್ ಒತ್ತಿದರೂ ಸಾಕು, 0017 ಅನ್ನೋ ಲಾಟ್ ನಂಬರ್ 17 ಆಗುತ್ತೆ, ತಾರೀಖಿನ ರೂಪ ಬದಲಾಗುತ್ತೆ, ಹ್ಯಾಶ್ ತಾಳೆ ಆಗಲ್ಲ. ಫೈಲ್ ರೀಡ್-ಓನ್ಲಿ ಮಾಡಿ, ಓಟಿಎಸ್ ಜೊತೆಗೆ ಎರಡು ಕಡೆ ಇಡಿ. ಸಿಎಸ್‌ವಿ, ಓಟಿಎಸ್ ಎರಡರಲ್ಲಿ ಒಂದು ಪೂರ್ತಿ ಕಳೆದರೂ ಪುರಾವೆ ಹೋಯ್ತು.

ಇನ್ನೊಂದು, ಸದಸ್ಯರ ಹೆಸರು, ಫೋನ್ ಚೈನ್‌ಗೆ ಹೋಗಲೇಬಾರದು, ಆಮೇಲೆ ಅಳಿಸೋಕಾಗಲ್ಲ. ಫೋನ್ ನಂಬರಿನ ಹ್ಯಾಶ್ ಹಾಕ್ತೀವಿ ಅಂದರೂ ಒಪ್ಪಬೇಡಿ. ಹತ್ತಂಕಿಯ ಎಲ್ಲ ನಂಬರ್‌ಗಳನ್ನೂ ಒಂದೊಂದಾಗಿ ಹ್ಯಾಶ್ ಮಾಡಿ ಹುಡುಕೋದು ಇವತ್ತಿನ ಕಂಪ್ಯೂಟರ್‌ಗೆ ದೊಡ್ಡ ಕೆಲಸವಲ್ಲ.

ಏಲಕ್ಕಿಮಲೆ:
ಹಾಗಾದರೆ ಯುರೋಪಿನವರು ಬ್ಲಾಕ್‌ಚೈನ್ ಕೇಳ್ತಾರೆ ಅನ್ನೋದು?

ಕ್ಯೂರಿಂಗ್_ಕಟ್ಟೆ:
ಕೇಳಲ್ಲ. ಯುರೋಪಿಯನ್ ಒಕ್ಕೂಟದ ಅರಣ್ಯನಾಶ ತಡೆ ನಿಯಮ (2023/1115) ಕೇಳೋದು ತೋಟ ಎಲ್ಲಿದೆ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದು ಮಾಡಿದ್ದಲ್ಲ ತಾನೇ ಅಂತ. 4 ಹೆಕ್ಟೇರ್‌ವರೆಗಿನ, ಅಂದರೆ 10 ಎಕರೆಗೆ ಚೂರು ಕಮ್ಮಿ ಜಾಗಕ್ಕೆ ಒಂದು ಜಿಪಿಎಸ್ ಬಿಂದು ಸಾಕು, ದಶಮಾಂಶದ ನಂತರ 6 ಅಂಕಿ ಇರಬೇಕು. ಅದಕ್ಕಿಂತ ದೊಡ್ಡದಾದರೆ ಗಡಿ ಸುತ್ತಿ ಬಿಂದುಗಳನ್ನು ಜೋಡಿಸಿದ ಆಕಾರ (ಪಾಲಿಗಾನ್) ಬೇಕು. ಜಾರಿಯ ದಿನಾಂಕ ಮುಂದಕ್ಕೆ ಹೋಗ್ತಾ ಇದೆ, ತಿದ್ದುಪಡಿಗಳೂ ಬರ್ತಿವೆ, ಈಗಿನ ನಮೂನೆಯನ್ನು ನಿಮ್ಮ ರಫ್ತುದಾರರಿಂದಲೇ ತರಿಸಿಕೊಳ್ಳಿ. ಮರದ ನೆರಳಲ್ಲಿ ಮೊಬೈಲ್ ಜಿಪಿಎಸ್ ಜಿಗಿಯುತ್ತೆ, ಬಯಲಿಗೆ ಬಂದು ಒಂದೆರಡು ನಿಮಿಷ ನಿಂತು ಬಿಂದು ತಗೊಳ್ಳಿ. ಅಕ್ಷಾಂಶ 13ರ ಸುತ್ತ, ರೇಖಾಂಶ 75ರ ಸುತ್ತ ಇರಬೇಕು. ಅದಲು ಬದಲಾದರೆ ನಿಮ್ಮ ತೋಟ ನಾರ್ವೆಯ ಉತ್ತರದ ಸಮುದ್ರದಲ್ಲಿ ಕಾಣುತ್ತೆ.