ಹಂಚು ಯಾರ ಹತ್ತಿರ ಇದೆ?

ನಮ್ಮ ‘ಮನೆ ಮಂದಿ’ ಗುಂಪಿನಲ್ಲಿ ಬೆಳಿಗ್ಗೆ ಆರೂವರೆಗೆ ದೊಡ್ಡಪ್ಪನ ದೇವರ ಫೋಟೊ ಬರುತ್ತದೆ. ಮೊನ್ನೆ ಅದಕ್ಕಿಂತ ಮೊದಲೇ ಬಳ್ಳಾರಿ ಅಕ್ಕ ಕಕ್ಕಸಿನ ಫೋಟೊ ಹಾಕಿಬಿಟ್ಟಳು. ಒಳಗೆ ನಾಲ್ಕೈದು ಐಸ್ ತುಂಡು.

ಬಳ್ಳಾರಿ ಅಕ್ಕ: ನೋಡಿ ಅಮೆರಿಕದ ಕಥೆ! ಮಕ್ಕಳು ಕಕ್ಕಸಿಗೆ ಐಸ್ ಹಾಕಿ, ಅಂಗಿ ಉಲ್ಟಾ ಹಾಕಿಕೊಂಡು ಮಲಗಿದರೆ ಶಾಲೆಗೆ ಸೂಟಿ ಕೊಡುತ್ತಾರಂತೆ 😂

ದೊಡ್ಡಪ್ಪ: ನೀರು ಅಂದರೆ ಗಂಗಮ್ಮ. ಅದನ್ನು ತಂದು ಎಲ್ಲಿ ಹಾಕುತ್ತಿದ್ದಾರೆ? ಮಕ್ಕಳಿಗೆ ಸಂಸ್ಕಾರ ಕಲಿಸುವವರೇ ಇಲ್ಲ.

ಶಕ್ತಿನಗರ ಅಣ್ಣ: ಸೋರ್ಸ್?

ಅಣ್ಣ ಇಂಜಿನಿಯರ್. ಮಗುವಿಗೆ ಹೆಸರಿಟ್ಟ ಸುದ್ದಿ ಬಂದರೂ ಸೋರ್ಸ್ ಕೇಳುತ್ತಾನೆ.

ಬಳ್ಳಾರಿ ಅಕ್ಕ: 2016ರಲ್ಲಿ ಹೊಸ 2000 ರೂಪಾಯಿ ನೋಟಿನಲ್ಲಿ ಚಿಪ್ ಇದೆ ಅಂತ ಕಳಿಸಿದ್ದು ಯಾರು? ಅದಕ್ಕೆ ಸೋರ್ಸ್ ಏನಿತ್ತು?

ಶಕ್ತಿನಗರ ಅಣ್ಣ: ಆ ವಿಷಯ ಬೇರೆ.

ಅಕ್ಕ ಫೋಟೊ ಜೊತೆ ಫಾರ್ವರ್ಡ್ ಮಾಡಿದ್ದ ಮೆಸೇಜನ್ನು ಪೂರ್ತಿ ಓದಿದವನು ನಾನೊಬ್ಬನೇ ಇರಬೇಕು. ಅದು ದೊಡ್ಡಪ್ಪನ ಮಗ, ಬೋಸ್ಟನ್ ತಮ್ಮನದು, ಅಕ್ಕನಿಗೆ ಮಾತ್ರ ಕಳಿಸಿದ್ದು. ಅಲ್ಲಿ ಹಿಮ ಜಾಸ್ತಿ ಬಿದ್ದರೆ ಶಾಲೆ ಇರುವುದಿಲ್ಲ, ಅದಕ್ಕೆ ಸ್ನೋ ಡೇ ಅನ್ನುತ್ತಾರೆ. ಐಸ್, ಉಲ್ಟಾ ಅಂಗಿ, ದಿಂಬಿನ ಕೆಳಗೆ ಚಮಚ, ಇವೆಲ್ಲ ಹಿಮ ಬೀಳಲಿ ಅಂತ ಮಕ್ಕಳು ಹಿಂದಿನ ರಾತ್ರಿ ಮಾಡುವ ತಮಾಷೆ. ಸೂಟಿ ಕೊಡುವುದು ಹಿಮಕ್ಕೆ, ಅಂಗಿಗಲ್ಲ. ಉಳಿದದ್ದೆಲ್ಲ ಸೂಟಿ ಸಿಕ್ಕ ಮೇಲೆ ಆಡುವ ಆಟ. ಬಾಟಲಿಯಲ್ಲಿ ಬಣ್ಣದ ನೀರು ತುಂಬಿ ಹಿಮದ ಮೇಲೆ ಚಿತ್ರ ಬಿಡಿಸುವುದು. ಮೇಪಲ್ ಮರದ ರಸದ ಪಾಕವನ್ನು ಬಿಸಿಯಾಗಿ ಹಿಮದ ಮೇಲೆ ಸುರಿದು, ಅಂಟಂಟು ಮಿಠಾಯಿ ಮಾಡಿ ತಿನ್ನುವುದು. ಶೇಂಗಾ ಚಿಕ್ಕಿಗೆ ಪಾಕ ಬಂತೋ ಇಲ್ಲವೋ ಅಂತ ತಣ್ಣೀರಿಗೆ ಒಂದು ಹನಿ ಬಿಟ್ಟು ನೋಡುತ್ತೇವಲ್ಲ, ಹೆಚ್ಚುಕಡಿಮೆ ಅದೇ.

ನನಗೆ ಹಿಡಿಸಿದ್ದು ಕಪ್ಪು ಕಾಗದದ ಆಟ. ಕಾಗದವನ್ನು ಮೊದಲೇ ಹೊರಗಿಟ್ಟು ತಣ್ಣಗೆ ಮಾಡಬೇಕು. ಆಮೇಲೆ ಅದರ ಮೇಲೆ ಹಿಮದ ಹರಳು ಹಿಡಿದು ಭೂತಗನ್ನಡಿಯಲ್ಲಿ ನೋಡಬೇಕು. ಆರು ಮೂಲೆ ಕಾಣುತ್ತವೆ. ವರ್ಮಾಂಟ್ ರಾಜ್ಯದ ರೈತ ವಿಲ್ಸನ್ ಬೆಂಟ್ಲಿ 1885ರಲ್ಲಿ ಕ್ಯಾಮೆರಾಕ್ಕೆ ಸೂಕ್ಷ್ಮದರ್ಶಕ ಜೋಡಿಸಿ ಇಂಥ ಒಂದು ಹರಳಿನ ಫೋಟೊ ತೆಗೆದ. ಸಾಯುವುದರೊಳಗೆ 5,000ಕ್ಕೂ ಜಾಸ್ತಿ ತೆಗೆದಿದ್ದ. ಇದನ್ನು ಗುಂಪಿನಲ್ಲಿ ಬರೆದೆ. ಒಂದು 👍 ಬಂತು, ಅದೂ ನನ್ನ ಹೆಂಡತಿಯದು.

ಬಳ್ಳಾರಿ ಅಕ್ಕ: ಕುದಿಯುವ ನೀರನ್ನು ಮೇಲಕ್ಕೆ ಎಸೆದರೆ ಹೊಗೆ ಥರ ಹಿಮ ಆಗುತ್ತಂತೆ. ನನ್ನ ಮಗ ಮಾಳಿಗೆ ಮೇಲೆ ಮಾಡಿ ನೋಡ್ತೀನಿ ಅಂತಿದ್ದಾನೆ.

ಶಕ್ತಿನಗರ ಅಣ್ಣ: ಬೇಡ! ಅದಕ್ಕೆ ಮೈನಸ್ 30ರ ಹತ್ತಿರದ ಚಳಿ ಬೇಕು. ಬಳ್ಳಾರಿಯಲ್ಲಿ ಎಸೆದರೆ ಕುದಿಯುವ ನೀರು ಹಾಗೇ ತಲೆ ಮೇಲೆ ಬೀಳುತ್ತದೆ. 2019ರ ಜನವರಿಯಲ್ಲಿ ಶಿಕಾಗೋದ ಆ ಚಳಿಯಲ್ಲೇ ಹೀಗೆ ಮಾಡಿ ಸುಟ್ಟುಕೊಂಡು ಆಸ್ಪತ್ರೆ ಸೇರಿದವರಿದ್ದಾರೆ.

ಬಳ್ಳಾರಿ ಅಕ್ಕ: ಸೋರ್ಸ್?

ವರ್ಷಕ್ಕೊಮ್ಮೆ ಅಣ್ಣ ಕೆಲಸಕ್ಕೆ ಬರುವ ಮಾತು ಹೇಳುತ್ತಾನೆ. ಆವತ್ತೇ ಹೀಗಾಗಬೇಕೆ? ಅವನು ಲಿಂಕ್ ಹುಡುಕುವಷ್ಟರಲ್ಲಿ ಸಿಂಧನೂರು ಕಾಕಾ ಎದ್ದರು.

ಸಿಂಧನೂರು ಕಾಕಾ: ಅವರು ಹಿಮಕ್ಕೆ ಅಂಗಿ ಉಲ್ಟಾ ಹಾಕಿದರೆ ನಗುತ್ತೀರಿ. ನಾವು ಮಳೆ ಬರಲಿ ಅಂತ ಗುರ್ಜಿ ಹೊರಲಿಲ್ಲವೇ? 1985ರ ಬರ. ರೊಟ್ಟಿ ಹಂಚು ಬೋರಲು ಹಾಕಿ, ಮೇಲೆ ಸಗಣಿಯ ಗೊಂಬೆ, ಅದೇ ಗುರ್ಜಿ, ಅದಕ್ಕೆ ಗರಿಕೆ ಸಿಗಿಸಿ ನನ್ನ ತಲೆ ಮೇಲೆ ಇಟ್ಟಿದ್ದರು. ಮನೆ ಮನೆಗೂ ಹೋದೆವು. ಹೆಂಗಸರು ಕೊಡ ನೀರು ಸುರಿಯುವುದು, ನಾನು ಗರಗರ ತಿರುಗುವುದು. ಸಗಣಿ ನೀರೆಲ್ಲ ಬಾಯಿಗೆ! ಮೂರನೇ ದಿನ ಮಳೆ ಬಂತು.

ಶಕ್ತಿನಗರ ಅಣ್ಣ: ಕಾಕಾ, ಜುಲೈನಲ್ಲಿ ಮಳೆ ಬರದೆ ಇನ್ನೇನು ಬರಬೇಕು?

ಸಿಂಧನೂರು ಕಾಕಾ: ನೀನು ಆಗ ತೊಟ್ಟಿಲಲ್ಲಿದ್ದೆ. ಸುಮ್ನಿರು.

ಮಾನ್ವಿ ಮಾಮಾ: ಗುರ್ಜಿ ಹೊತ್ತದ್ದು ನೀವು, ಸರಿ. ಮನೆ ಮನೆಯವರು ಕೊಟ್ಟ ಜೋಳ ಯಾರು ಮಾರಿದರು? ಎಲ್ಲರೂ ಸೇರಿ ಉಣ್ಣಬೇಕಾದದ್ದು. ನೀವೇ ಮಂಡಕ್ಕಿ ಮಿರ್ಚಿ ತಿಂದಿರಿ.

ಸಿಂಧನೂರು ಕಾಕಾ: ನಲವತ್ತು ವರ್ಷ ಆಯಿತು ಬೀಗರೇ, ಇನ್ನೂ ಹಸಿವು ಹೋಗಿಲ್ಲವೇ?

ಇಲ್ಲಿಗೆ ಮುಗಿಯಬಹುದಿತ್ತು. ಆದರೆ ಯಾರೋ ಕೇಳಿಬಿಟ್ಟರು: ಆ ಹಂಚು ಈಗ ಎಲ್ಲಿದೆ?

ಗುಂಪು ಐದು ನಿಮಿಷ ತಣ್ಣಗಾಯಿತು. ಅಜ್ಜಿಯ ಕಬ್ಬಿಣದ ಹಂಚು ಅದು. ಪಾಲಾದ ವರ್ಷ ಕಾಣೆಯಾಯಿತು. ಲಿಂಗಸುಗೂರು ಚಿಕ್ಕಮ್ಮ ಒಯ್ದರು ಅಂತ ಎಲ್ಲರ ಅನುಮಾನ. ಯಾರೂ ಬಾಯಿಬಿಟ್ಟು ಹೇಳಿಲ್ಲ, ಆದರೆ ಅವರ ಮನೆಗೆ ಊಟಕ್ಕೆ ಹೋದವರು ಒಮ್ಮೆ ಅಡುಗೆಮನೆಗೆ ಇಣುಕಿಯೇ ಬರುತ್ತಾರೆ.

ದೊಡ್ಡಪ್ಪ: ಹಂಚಿಗೆ ಆಸೆಪಟ್ಟವರು ಹಂಚಿಕೊಂಡು ತಿನ್ನುವುದನ್ನು ಕಲಿಯಲಿಲ್ಲ. ಇಷ್ಟೇ ಹೇಳುತ್ತೇನೆ.

ಲಿಂಗಸುಗೂರು ಚಿಕ್ಕಮ್ಮ: ಯಾರಿಗೆ ಹೇಳಿದಿರಿ ಭಾವ?

ದೊಡ್ಡಪ್ಪ: ಸಾಮಾನ್ಯವಾಗಿ ಹೇಳಿದೆ.

ಚಿಕ್ಕಮ್ಮ ಗುಂಪು ಬಿಟ್ಟರು. ಮಾಮಾ ಸೇರಿಸಿದರು. ಮತ್ತೆ ಬಿಟ್ಟರು. ಮತ್ತೆ ಸೇರಿಸಿದರು.

ಸಂಜೆ ಆರಕ್ಕೆ, ಅಂದರೆ ಬೋಸ್ಟನ್ನಿನಲ್ಲಿ ಬೆಳಿಗ್ಗೆ ಏಳೂವರೆಗೆ, ತಮ್ಮ ಎದ್ದು ಎಲ್ಲವನ್ನೂ ಓದಿದ.

ಬೋಸ್ಟನ್ ತಮ್ಮ: ಸೂಟಿ ಸಿಕ್ಕಿತು. ಪುಕ್ಕಟೆ ಅಲ್ಲ ಅಕ್ಕ. ಇಲ್ಲಿ ವರ್ಷಕ್ಕೆ 180 ದಿನ ಶಾಲೆ ನಡೆಸಲೇಬೇಕು, ಇವತ್ತಿನದನ್ನು ಜೂನ್‌ನಲ್ಲಿ ತುಂಬಿಸುತ್ತಾರೆ. ಕಾಕಾ, ನಿಮ್ಮ ಗುರ್ಜಿ ಕಥೆ ಮಗಳಿಗೆ ಓದಿ ಹೇಳಿದೆ. ಈಗ ಅಂಗಳದಲ್ಲಿ ಅದೇ ಆಟ.

ಕೆಳಗೆ ಫೋಟೊ. ಮೊಣಕಾಲುದ್ದ ಹಿಮದಲ್ಲಿ ಹುಡುಗಿ ನಿಂತಿದ್ದಾಳೆ. ಟೋಪಿಯ ಮೇಲೆ ಬೋರಲು ಹಂಚು, ಹಂಚಿನ ಮೇಲೆ ಹಿಮದ ಗುರ್ಜಿ. ಗರಿಕೆಯ ಬದಲು ಕೊತ್ತಂಬರಿ ಸಿಗಿಸಿದ್ದಾರೆ. ಹಂಚಿನ ಅಂಚು ಒಂದು ಕಡೆ ಸ್ವಲ್ಪ ಮುಕ್ಕಾಗಿದೆ.

ಆ ಮುಕ್ಕನ್ನು ಗುಂಪಿನಲ್ಲಿ ಎಲ್ಲರೂ ಬಲ್ಲರು.

ಬೋಸ್ಟನ್ ತಮ್ಮ: ಅವ್ವ ಸೂಟ್‌ಕೇಸಿನಲ್ಲಿ ಹಾಕಿ ಕಳಿಸಿದ್ದಳಲ್ಲ, ಅದೇ ಹಂಚು. ಅಪ್ಪನೇ ಹಗ್ಗ ಕಟ್ಟಿದ್ದು.

ಲಿಂಗಸುಗೂರು ಚಿಕ್ಕಮ್ಮ: ಭಾವ?

ದೊಡ್ಡಪ್ಪ ಟೈಪ್ ಮಾಡುತ್ತಿದ್ದಾರೆ ಅಂತ ಬಂತು. ನಿಂತಿತು. ಮತ್ತೆ ಬಂತು. ಆಮೇಲೆ ಬೆಳಿಗ್ಗೆ ಬರದೆ ಉಳಿದಿದ್ದ ದೇವರ ಫೋಟೊ ಬಂತು.