ಬನದ ಹುಣ್ಣಿಮೆಯ ಜಾತ್ರೆಯಂದು ಊರಿನವರಿಗೆ ದೂರದರ್ಶಕದಲ್ಲಿ ಆಕಾಶ ತೋರಿಸಬಹುದೇ?

ಪ್ರಶ್ನೆ: ಹಿರಿಯೂರು ಸೀಮೆಯ ಶಿಕ್ಷಕಿ (ಡಿಸೆಂಬರ್ 2025)

ಎಲ್ಲರಿಗೂ ನಮಸ್ಕಾರ. ನಾನು ಹಿರಿಯೂರು ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಬರುವ ಜನವರಿಯಲ್ಲಿ ಒಂದು ಸಂಜೆ ಶಾಲೆಯ ಮೈದಾನದಲ್ಲಿ, ಮಕ್ಕಳಿಗಷ್ಟೇ ಅಲ್ಲದೆ ಊರಿನವರೆಲ್ಲರಿಗೂ ಆಕಾಶ ವೀಕ್ಷಣೆ ಏರ್ಪಡಿಸಲು ಮುಖ್ಯೋಪಾಧ್ಯಾಯರೂ ಎಸ್‌ಡಿಎಂಸಿಯವರೂ ಒಪ್ಪಿದ್ದಾರೆ. ಪರಿಚಿತರೊಬ್ಬರು ತಮ್ಮ ಎಂಟು ಇಂಚು ಅಗಲದ ಕನ್ನಡಿಯಿರುವ, ಕೈಯಿಂದಲೇ ತಿರುಗಿಸುವ ಡಾಬ್ಸೋನಿಯನ್ ದೂರದರ್ಶಕವನ್ನು 25 ಮಿ.ಮೀ. ಮತ್ತು 10 ಮಿ.ಮೀ. ಐಪೀಸ್‌ಗಳ (ಕಣ್ಣಿಟ್ಟು ನೋಡುವ ಮಸೂರಗಳ) ಸಮೇತ ಕೊಡುವುದಾಗಿ ಹೇಳಿದ್ದಾರೆ.

ಜನವರಿ 3ರ ಶನಿವಾರ ಬನದ ಹುಣ್ಣಿಮೆ. ಅಂದು ನಮ್ಮೂರಿನಲ್ಲಿ ಅಮ್ಮನ ಜಾತ್ರೆ ಇರುವುದರಿಂದ ಸುತ್ತಲಿನ ಹಳ್ಳಿಗಳ ಜನ ಹೇಗೂ ಸೇರುತ್ತಾರೆ, ಅದೇ ದಿನ ಇಟ್ಟುಕೊಂಡರೆ ಪ್ರಚಾರದ ಕೆಲಸವೂ ಉಳಿಯುತ್ತದೆ ಎಂಬುದು ಕೆಲವರ ಅಭಿಪ್ರಾಯ. ಇದು ಸರಿಯೇ? ಇನ್ನೂರು ಜನ ಬಂದರೆ ಒಂದೇ ದೂರದರ್ಶಕದಲ್ಲಿ ತೋರಿಸುವುದು ಹೇಗೆ? ಹಿಂದೆ ಬೇರೊಂದು ಊರಿನಲ್ಲಿ ನಾನು ನೋಡಿದ ಇಂಥ ಕಾರ್ಯಕ್ರಮದಲ್ಲಿ ಭಾಷಣವೇ ಒಂದೂವರೆ ಗಂಟೆ ನಡೆದು, ಕೊನೆಗೆ ಸಾಲಿನಲ್ಲಿ ನಿಂತವರಲ್ಲಿ ಅರ್ಧಕ್ಕರ್ಧ ಜನ ‘ಏನೋ ಬೆಳ್ಳಗೆ ಕಂಡಿತು’ ಎನ್ನುತ್ತ ಮನೆಗೆ ಹೋಗಿದ್ದರು. ನಮ್ಮಲ್ಲಿ ಹಾಗಾಗಬಾರದು. ಇನ್ನೊಂದು ವಿಷಯ: ಹಿರಿಯರು ಬಂದರೆ ರಾಶಿಫಲ ಕೇಳದೆ ಬಿಡುವುದಿಲ್ಲ. ಅದಕ್ಕೆ ಏನು ಹೇಳಬೇಕು?

ಉತ್ತರ 1: ಶುದ್ಧ ಅಷ್ಟಮಿ

ಮೇಡಂ, ಹುಣ್ಣಿಮೆ ಬೇಡ. ಹುಣ್ಣಿಮೆಯ ದಿನ ಸೂರ್ಯನ ಬೆಳಕು ಚಂದ್ರನ ಮೇಲೆ ನೇರವಾಗಿ ನಾವಿರುವ ಕಡೆಯಿಂದಲೇ ಬೀಳುವುದರಿಂದ ಅಲ್ಲಿನ ಬೆಟ್ಟಗುಳಿಗಳ ನೆರಳು ನಮಗೆ ಕಾಣುವುದಿಲ್ಲ. ಬರಿಗಣ್ಣಿಗೆ ಎಷ್ಟು ಚೆಂದವೋ ದೂರದರ್ಶಕದಲ್ಲಿ ಅಷ್ಟೇ ಸಪ್ಪೆಯಾಗಿ, ಕಣ್ಣು ಕುಕ್ಕುವ ತಟ್ಟೆಯಂತೆ ಕಾಣುತ್ತದೆ. ‘ಏನೋ ಬೆಳ್ಳಗೆ’ ಎಂಬ ಮಾತು ಬರುವುದು ಇಂಥ ದಿನಗಳಲ್ಲಿಯೇ. ಪಂಚಾಂಗ ತೆಗೆದು ಶುಕ್ಲ ಪಕ್ಷದ ಸಪ್ತಮಿಯಿಂದ ದಶಮಿಯೊಳಗಿನ ಒಂದು ದಿನವನ್ನು ಆರಿಸಿಕೊಳ್ಳಿ. ಆಗ ಬೆಳಕು ಓರೆಯಾಗಿ ಬೀಳುತ್ತದೆ, ಬೆಳಕು ಕತ್ತಲೆ ಕೂಡುವ ಗೆರೆಯುದ್ದಕ್ಕೂ ಒಂದೊಂದು ಕುಳಿಯ ಅಂಚೂ ಎದ್ದು ನಿಲ್ಲುತ್ತದೆ.

ನಿಮ್ಮ ಅದೃಷ್ಟಕ್ಕೆ 2026ರ ಜನವರಿ 26ರ ಸಂಜೆ ಶುದ್ಧ ಅಷ್ಟಮಿ. ಬೆಳಿಗ್ಗೆ ಧ್ವಜಾರೋಹಣಕ್ಕೆ ಊರಿನವರು ಶಾಲೆಗೆ ಬಂದೇ ಬರುತ್ತಾರೆ, ಅಲ್ಲಿಯೇ ಸಂಜೆಗೆ ಕರೆಯಬಹುದು. ಹಾಗೆಂದು ಜಾತ್ರೆಯನ್ನು ಕೈಬಿಡಬೇಕಾಗಿಲ್ಲ. ಜನವರಿ 3ರ ರಾತ್ರಿ ಚಂದ್ರನ ಮಗ್ಗುಲಲ್ಲಿಯೇ ಥಳಥಳ ಹೊಳೆಯುವ ಗುರುಗ್ರಹ ಇರುತ್ತದೆ. ದೂರದರ್ಶಕವನ್ನು ಮನೆಯಲ್ಲಿಟ್ಟು, ಮೈಕಿನಲ್ಲಿ ‘ಚಂದ್ರನ ಪಕ್ಕ ಕಾಣುತ್ತಿರುವುದು ಗುರು, ಅದರ ಚಂದ್ರರನ್ನು ನೋಡಬೇಕಿದ್ದರೆ 26ಕ್ಕೆ ಶಾಲೆಗೆ ಬನ್ನಿ’ ಎಂದು ಎರಡು ಮಾತು ಹೇಳಿಸಿದರೆ ಸಾಕು.

ಈಗ ಸಾಲಿನ ಲೆಕ್ಕಕ್ಕೆ ಬರೋಣ. ಒಬ್ಬರಿಗೆ 45 ಸೆಕೆಂಡು ಎಂದುಕೊಂಡರೂ ಇನ್ನೂರು ಜನಕ್ಕೆ ಎರಡೂವರೆ ಗಂಟೆ ಬೇಕು. ಅಂದರೆ ಒಂದು ದೂರದರ್ಶಕದಲ್ಲಿ ಒಂದು ಸಂಜೆ ಇಡೀ ಊರಿಗೆ ಒಂದೇ ವಸ್ತುವನ್ನು ತೋರಿಸಬಹುದು. ಏಳೆಂಟು ಐಟಂಗಳ ಪಟ್ಟಿಯನ್ನು ಆಹ್ವಾನ ಪತ್ರಿಕೆಯಲ್ಲಿ ಅಚ್ಚು ಹಾಕಿಸುವವರು ಈ ಲೆಕ್ಕ ಮಾಡಿರುವುದಿಲ್ಲ. ಇದರ ಮೇಲೆ ಭೂಮಿಯ ತಿರುಗಾಟ ಬೇರೆ. ಎಂಟಿಂಚಿನ ಡಾಬ್ಸೋನಿಯನ್‌ಗಳ ನಾಭಿದೂರ (ಕನ್ನಡಿಯಿಂದ ಬಿಂಬ ಮೂಡುವ ಜಾಗದವರೆಗಿನ ದೂರ) ಬಹುಪಾಲು 1200 ಮಿ.ಮೀ. ಇರುತ್ತದೆ, 25ರ ಐಪೀಸ್ ಹಾಕಿದರೆ 1200 ಭಾಗಿಸು 25, ಅಂದರೆ 48 ಪಟ್ಟು ವರ್ಧನೆ, ಕಾಣುವ ಆಕಾಶ ಸುಮಾರು ಒಂದು ಡಿಗ್ರಿ. ಆಕಾಶ ನಿಮಿಷಕ್ಕೆ ಕಾಲು ಡಿಗ್ರಿ ಸರಿಯುವುದರಿಂದ ನಡುವೆ ಕೂರಿಸಿದ ಗ್ರಹ ಎರಡು ನಿಮಿಷಕ್ಕೆ ಅಂಚು ದಾಟಿ ಹೋಗುತ್ತದೆ. 10ರ ಐಪೀಸ್‌ನಲ್ಲಿ ಒಂದು ನಿಮಿಷವೂ ನಿಲ್ಲುವುದಿಲ್ಲ. ಆದ್ದರಿಂದ ಪ್ರತಿ ಇಬ್ಬರಾದ ಮೇಲೆ ಒಮ್ಮೆ ತಾವೇ ಕಣ್ಣಿಟ್ಟು ಸರಿಪಡಿಸಲೇಬೇಕು, ಇಲ್ಲವಾದರೆ ಮೂರನೆಯವರು ಖಾಲಿ ಆಕಾಶವನ್ನು ನೋಡಿ, ಸಂಕೋಚದಿಂದ ‘ಕಂಡಿತು’ ಎಂದು ಹೇಳಿ ಹೊರಟುಬಿಡುತ್ತಾರೆ. ಇದು ಊಹೆಯಲ್ಲ, ಎಲ್ಲ ಕಡೆಯೂ ಆಗುವಂಥದ್ದೇ. ಹಾಗಾಗದಿರಲು ‘ಕಂಡಿತಾ?’ ಎಂದು ಕೇಳಬೇಡಿ. ‘ಗುರುವಿನ ಎಡಗಡೆ ಎಷ್ಟು ಚುಕ್ಕೆ, ಬಲಗಡೆ ಎಷ್ಟು?’ ಎಂದು ಕೇಳಿ. ಉತ್ತರ ಹೇಳಬೇಕಾದವರು ನಿಜವಾಗಿ ನೋಡುತ್ತಾರೆ.

ಅಂದಿನ ಕ್ರಮವೂ ಮುಖ್ಯ. ಸಂಜೆ ಏಳರ ಹೊತ್ತಿಗೆ ಚಂದ್ರ ಬಹುತೇಕ ನೆತ್ತಿಯ ಮೇಲಿರುತ್ತಾನೆ. ಡಾಬ್ಸೋನಿಯನ್‌ಗೆ ನೆತ್ತಿಯೆಂದರೆ ಆಗದು. ಕೊಳವೆ ನೆಟ್ಟಗೆ ನಿಂತಾಗ ಅದನ್ನು ಅಕ್ಕಪಕ್ಕಕ್ಕೆ ಸರಿಸುವುದು ಕಷ್ಟ, ಐಪೀಸ್ ಕೂಡ ಸಣ್ಣ ಮಕ್ಕಳಿಗೆ ಎಟುಕುವುದಿಲ್ಲ. ಒಂದು ಗಟ್ಟಿಯಾದ ಸ್ಟೂಲ್ ಇರಲಿ. ಆಗ ಪಶ್ಚಿಮದಲ್ಲಿ ಶನಿ ಇರುತ್ತದೆ. ಬೇಗ ಬಂದವರಿಗೆ ಅದನ್ನು ತೋರಿಸಿ, ಎಂಟರ ನಂತರ ಇಳಿಮುಖವಾದ ಚಂದ್ರನಿಗೆ ತಿರುಗಿಸಿ. ಆದರೆ ಪೋಸ್ಟರಿನಲ್ಲಿ ಶನಿಯ ಚಿತ್ರ ಹಾಕಬೇಡಿ. 2025ರ ಮಾರ್ಚಿನಲ್ಲಿ ಅದರ ಉಂಗುರಗಳು ನಮ್ಮ ಕಡೆಗೆ ಅಂಚು ತಿರುಗಿಸಿದ್ದವು, ಈ ಜನವರಿಯಲ್ಲಿಯೂ ಗ್ರಹಕ್ಕೆ ಸೂಜಿ ಚುಚ್ಚಿದಂತೆ ತೆಳ್ಳಗಿರುತ್ತವೆ. ಪುಸ್ತಕದ ಚಿತ್ರವನ್ನು ನೆನೆದು ಬಂದವರಿಗೆ ಬೇಸರವಾಗುತ್ತದೆ.

ಹೇಗಾದರೂ ಮಾಡಿ ಒಂದು 10x50 (ಹತ್ತು ಪಟ್ಟು ಹಿಗ್ಗಿಸುವ, 50 ಮಿ.ಮೀ. ಮಸೂರದ) ದುರ್ಬೀನನ್ನು ಟ್ರೈಪಾಡ್ ಮೇಲೆ ನಿಲ್ಲಿಸಿ. ಗುರುವಿನ ನಾಲ್ಕು ಚಂದ್ರರು ಅದರಲ್ಲಿಯೂ ಕಾಣುತ್ತಾರೆ, ಸಾಲು ಎರಡಾಗುತ್ತದೆ. ದೊಡ್ಡ ಉಪಕರಣವೇ ಬೇಕೆಂಬ ಹಟ ಸಂಘಟಕರಲ್ಲಿ ಇರುವಷ್ಟು ನೋಡುಗರಲ್ಲಿ ಇರುವುದಿಲ್ಲ. ನಿಮಗೆ ಸಿಕ್ಕಿರುವ ಬಗೆಯ ದೂರದರ್ಶಕಕ್ಕೆ ಹೆಸರು ಕೊಟ್ಟ ಜಾನ್ ಡಾಬ್ಸನ್, 1944ರಿಂದ 1967ರವರೆಗೆ ಅಮೆರಿಕದಲ್ಲಿ ರಾಮಕೃಷ್ಣ ಪರಂಪರೆಯ ವೇದಾಂತ ಮಠದಲ್ಲಿ ಸಂನ್ಯಾಸಿಯಾಗಿದ್ದವರು. ಅಲ್ಲಿಂದ ಹೊರಬಿದ್ದ ಮೇಲೆ ಸ್ಯಾನ್ ಫ್ರಾನ್ಸಿಸ್ಕೊದ ಫುಟ್‌ಪಾತ್‌ಗಳಲ್ಲಿ ದೂರದರ್ಶಕ ನಿಲ್ಲಿಸಿ ದಾರಿಹೋಕರಿಗೆ ಚಂದ್ರನನ್ನು ತೋರಿಸುತ್ತಿದ್ದರು. ಮರದ ಹಲಗೆ, ರಟ್ಟಿನ ಕೊಳವೆಗಳಿಂದ ಅವರು ಮಾಡಿಕೊಂಡ ಉಪಕರಣಗಳೇ ಇಂದಿನ ಈ ಮಾದರಿಗೆ ಮೂಲ.

ಉತ್ತರ 2: ಎರೆಹೊಲ

ಮೇಲಿನವರು ಯಂತ್ರದ ವಿಷಯವನ್ನು ಚೆನ್ನಾಗಿ ಹೇಳಿದ್ದಾರೆ. ಸಾಲಿನಲ್ಲಿ ಅರ್ಧ ಗಂಟೆ ಕಾಯುವವರಿಗೆ ಏನು ಕೆಲಸ ಕೊಡುತ್ತೀರಿ ಎಂಬುದು ನನ್ನ ಪ್ರಶ್ನೆ. ನಿಮ್ಮ ಸೀಮೆಯ ರೈತರಿಗೆ ನಕ್ಷತ್ರಗಳ ಹೆಸರನ್ನು ಕಲಿಸಬೇಕಾಗಿಲ್ಲ. ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರಾ ಎಂದು ಮಳೆಗಳನ್ನು ಸಾಲಾಗಿ ಹೇಳುವವರು ಅವರು. ಮಳೆಗಳ ಗಾದೆ ಗೊತ್ತು, ಬಿತ್ತನೆಯ ಲೆಕ್ಕ ಗೊತ್ತು. ಆದರೆ ಆಕಾಶದಲ್ಲಿ ರೋಹಿಣಿ ಯಾವುದು ಎಂದು ಕೇಳಿದರೆ ಹೆಚ್ಚಿನವರು ತಲೆಯೆತ್ತಿ ಸುಮ್ಮನಾಗುತ್ತಾರೆ. ಅದರಲ್ಲಿ ಅವರ ತಪ್ಪೇನೂ ಇಲ್ಲ. ಸೂರ್ಯ ಆ ನಕ್ಷತ್ರದ ಜಾಗದಲ್ಲಿರುವ ದಿನಗಳನ್ನೇ ನಾವು ಆ ಮಳೆ ಎನ್ನುತ್ತೇವೆ. ಜೂನ್ 22ರ ಸುಮಾರಿಗೆ ಆರಿದ್ರಾ ಮಳೆ ಹುಟ್ಟುವಾಗ ಆರಿದ್ರಾ ನಕ್ಷತ್ರ ಸೂರ್ಯನ ಪ್ರಭೆಯಲ್ಲಿ ಅಡಗಿ, ಹಗಲಲ್ಲಿ ಹುಟ್ಟಿ ಹಗಲಲ್ಲಿಯೇ ಮುಳುಗುತ್ತದೆ. ಹೀಗಾಗಿ ಯಾವ ನಕ್ಷತ್ರದ ಹೆಸರನ್ನು ದಿನಕ್ಕೆ ಹತ್ತು ಸಲ ಹೇಳುತ್ತೇವೆಯೋ ಅದು ಆ ಕಾಲದಲ್ಲಿ ಕಣ್ಣಿಗೆ ಬೀಳುವುದೇ ಇಲ್ಲ.

ಜನವರಿಯ ರಾತ್ರಿ ಎಂಟಕ್ಕೆ ಈ ನಾಲ್ಕೂ ಒಂದೇ ನೋಟದಲ್ಲಿ ಸಿಗುತ್ತವೆ. ನೆತ್ತಿಯ ಬಳಿ ಕೃತ್ತಿಕೆಯ ಗೊಂಚಲು, ಅದರ ಪೂರ್ವಕ್ಕೆ ಕೆಂಪಗಿನ ರೋಹಿಣಿ, ಇನ್ನೂ ಪೂರ್ವಕ್ಕೆ ಬೇಟೆಗಾರನ ಆಕಾರದ ನಕ್ಷತ್ರಪುಂಜವಾದ ಮಹಾವ್ಯಾಧನ (ಓರಿಯನ್) ತಲೆಯ ಭಾಗದಲ್ಲಿ ಮಂದವಾದ ಮೃಗಶಿರ, ಅವನ ಹೆಗಲಿನಲ್ಲಿ ಕೆಂಪು ಆರಿದ್ರಾ. ಚಂದ್ರನ ಬೆಳಕಿದ್ದರೂ ಮೃಗಶಿರದ ಹೊರತು ಉಳಿದವಕ್ಕೆ ತೊಂದರೆಯಿಲ್ಲ. ಸಾಲಿನ ಪಕ್ಕದಲ್ಲಿ ಹತ್ತನೇ ತರಗತಿಯ ಇಬ್ಬರು ಮಕ್ಕಳನ್ನು ನಿಲ್ಲಿಸಿ, ಬಂದವರಿಗೆಲ್ಲ ಈ ನಾಲ್ಕನ್ನು ಮಾತ್ರ ತೋರಿಸಲು ಹೇಳಿ. ಅರುಂಧತಿಯನ್ನು ತೋರಿಸಿ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಜನವರಿಯಲ್ಲಿ ಅದು ಹುಟ್ಟುವುದೇ ರಾತ್ರಿ ಹತ್ತು ದಾಟಿದ ಮೇಲೆ. ಏಪ್ರಿಲ್ ಕೊನೆಗೆ ಇನ್ನೊಂದು ಸಂಜೆ ಇಟ್ಟುಕೊಂಡರೆ ಒಂಬತ್ತು ಗಂಟೆಗೆಲ್ಲ ಸಪ್ತರ್ಷಿಗಳು ಎತ್ತರಕ್ಕೆ ಬಂದಿರುತ್ತಾರೆ, ದೂರದರ್ಶಕದಲ್ಲಿ ವಸಿಷ್ಠನೂ ಎರಡಾಗಿ ಒಡೆದು ಕಾಣುತ್ತಾನೆ.

ಉತ್ತರ 3: ಮೋಡದ ಮರೆ

ರಾಶಿಫಲದ ವಿಷಯದಲ್ಲಿ ಮೆದುವಾಗಬೇಡಿ ಎಂಬುದು ನನ್ನ ಸಲಹೆ. ಮಳೆ ನಕ್ಷತ್ರದಿಂದ ಶುರುವಾದರೆ ಜಾತಕಕ್ಕೆ ಹೋಗಿ ನಿಲ್ಲುತ್ತದೆ. ಇದು ವಿಜ್ಞಾನದ ಕಾರ್ಯಕ್ರಮ, ಜ್ಯೋತಿಷ್ಯದ ಪ್ರಶ್ನೆಗಳಿಗೆ ಅವಕಾಶವಿಲ್ಲ ಎಂದು ಮೊದಲೇ ಘೋಷಿಸಿಬಿಡಿ.

ಉತ್ತರ 4: ಶುದ್ಧ ಅಷ್ಟಮಿ

ಮೋಡದ ಮರೆ ಅವರ ಕಾಳಜಿ ಅರ್ಥವಾಗುತ್ತದೆ, ಆದರೆ ಹಾಗೆ ಘೋಷಿಸಿದರೆ ಪ್ರಶ್ನೆ ಸಾಯುವುದಿಲ್ಲ, ಕೇಳುವವರು ಮಾತ್ರ ದೂರವಾಗುತ್ತಾರೆ. ಐಪೀಸಿನ ಬಳಿ ವಾದ ಹೂಡಿದರಂತೂ ಸಾಲು ನಿಂತುಹೋಗುತ್ತದೆ. ಎರೆಹೊಲ ಅವರ ದಾರಿಯೇ ಸರಿ, ಅದನ್ನು ಒಂದು ಹೆಜ್ಜೆ ಮುಂದಕ್ಕೆ ಒಯ್ಯಬಹುದು. 26ರ ಸಂಜೆಗೆ ಪಂಚಾಂಗದಲ್ಲಿ ಭರಣಿ ನಕ್ಷತ್ರ ಎಂದಿರುತ್ತದೆ. ಹಾಗೆಂದರೆ ಚಂದ್ರ ಅಂದು ಆಕಾಶದ ಆ ಭಾಗದಲ್ಲಿದ್ದಾನೆ ಎಂದಷ್ಟೇ. ಕೃತ್ತಿಕೆಯ ಪಶ್ಚಿಮಕ್ಕೆ ಚಂದ್ರನಿರುವುದನ್ನು ತೋರಿಸಿ, ‘ಮರುದಿನ ಸಂಜೆ ನಿಮ್ಮ ಅಂಗಳದಿಂದಲೇ ನೋಡಿ, ಕೃತ್ತಿಕೆಯ ಹತ್ತಿರಕ್ಕೆ ಬಂದಿರುತ್ತಾನೆ’ ಎಂದು ಹೇಳಿ ಕಳಿಸಿ. ಫಲದ ಮಾತು ಬಂದರೆ, ಗ್ರಹ ಎಲ್ಲಿದೆ ಎಂಬುದನ್ನು ನಾವು ಅಳೆದು ತೋರಿಸಬಲ್ಲೆವು, ಅದು ಮದುವೆಯನ್ನೋ ನೌಕರಿಯನ್ನೋ ನಿರ್ಧರಿಸುತ್ತದೆ ಎನ್ನುವುದಕ್ಕೆ ಯಾವ ಆಧಾರವೂ ಇಲ್ಲ ಎಂದು ಒಂದೇ ವಾಕ್ಯದಲ್ಲಿ ಸ್ಪಷ್ಟವಾಗಿ ಹೇಳಿ ಮುಂದಿನವರನ್ನು ಕರೆಯಿರಿ.

ಹಿರಿಯೂರು ಸೀಮೆಯ ಶಿಕ್ಷಕಿ

ಎಲ್ಲರಿಗೂ ಧನ್ಯವಾದ. 26ಕ್ಕೆ ನಿಗದಿ ಮಾಡಲು ಸಹೋದ್ಯೋಗಿಗಳು ಒಪ್ಪಿದ್ದಾರೆ. ಮಕ್ಕಳಿಂದ ಈಗಾಗಲೇ ಬಂದಿರುವ ಪ್ರಶ್ನೆಯೆಂದರೆ, ಚಂದ್ರಯಾನ ಇಳಿದ ಜಾಗ ಕಾಣುತ್ತದೆಯೇ ಎಂಬುದು. ಮೈದಾನದ ಪಕ್ಕದ ಬೀದಿದೀಪಗಳದ್ದೂ ಒಂದು ಚಿಂತೆ.

ಉತ್ತರ 5: ಎರೆಹೊಲ

ಬೀದಿದೀಪಕ್ಕೆ ಅರ್ಜಿ ಬರೆಯುತ್ತ ಕೂರಬೇಡಿ. ಹಳ್ಳಿಗಳಲ್ಲಿ ಅದರ ಸ್ವಿಚ್ಚು ಸಾಮಾನ್ಯವಾಗಿ ನೀರುಗಂಟಿಯ ಕೈಯಲ್ಲಿರುತ್ತದೆ. ಪಂಚಾಯ್ತಿಯವರಿಗೆ ಒಂದು ಮಾತು ತಿಳಿಸಿ, ನೀರುಗಂಟಿಯನ್ನೇ ಮನೆಮಂದಿಯ ಸಮೇತ ಮೊದಲ ಅತಿಥಿಯಾಗಿ ಕರೆಯಿರಿ. ಗೇಟಿನಿಂದ ಮೈದಾನದವರೆಗಿನ ದಾರಿಯಲ್ಲಿ ಮಾತ್ರ ಕೆಂಪು ಜಿಲೆಟಿನ್ ಕಾಗದ ಸುತ್ತಿದ ಟಾರ್ಚುಗಳಿರಲಿ, ಕತ್ತಲೆಯಲ್ಲಿ ವಯಸ್ಸಾದವರು ಎಡವಬಾರದು.

ಉತ್ತರ 6: ಶುದ್ಧ ಅಷ್ಟಮಿ

ಚಂದ್ರಯಾನ-3 ಇಳಿದ ಪ್ರದೇಶ ಕಾಣುತ್ತದೆ, ಅಲ್ಲಿ ಇಳಿದ ವಿಕ್ರಮ್ ನೌಕೆ ಕಾಣುವುದಿಲ್ಲ. 2023ರ ಆಗಸ್ಟ್ 23ರಂದು ಅದು ಇಳಿದದ್ದು ಚಂದ್ರನ ದಕ್ಷಿಣಕ್ಕೆ, ಸುಮಾರು 69 ಡಿಗ್ರಿ ಅಕ್ಷಾಂಶದಲ್ಲಿ. ಅಷ್ಟಮಿಯಂದು ಆ ಭಾಗ ಬೆಳಕಿನಲ್ಲಿರುತ್ತದೆ. ಎಂಟಿಂಚಿನ ದೂರದರ್ಶಕದಲ್ಲಿ ಒಂದು ಕಿಲೋಮೀಟರಿಗಿಂತ ಚಿಕ್ಕ ಕುಳಿಗಳೂ ಗುರುತು ಸಿಗುವುದಿಲ್ಲ ಎಂದ ಮೇಲೆ ಕೋಣೆಯಷ್ಟೂ ಇಲ್ಲದ ನೌಕೆಯ ಮಾತೆಲ್ಲಿ ಬಂತು? ಈ ಮಾದರಿಯಲ್ಲಿ ಬಿಂಬ ತಲೆಕೆಳಗಾಗುವುದರಿಂದ ದಕ್ಷಿಣ ಮೇಲ್ಗಡೆಗೆ ಬರುತ್ತದೆ ಎಂಬುದನ್ನು ಮಕ್ಕಳಿಗೆ ಮೊದಲೇ ತಿಳಿಸಿ.

ಇನ್ನೊಂದು: ದೂರದರ್ಶಕವನ್ನು ನಡೆಸುವ ಕೆಲಸವನ್ನು ಹೊರಗಿನವರಿಗೆ ಬಿಡದೆ ನಾಲ್ಕಾರು ವಿದ್ಯಾರ್ಥಿಗಳಿಗೆ ಕಲಿಸಿ. ಲಡಾಖಿನ ಹಾನ್ಲೆಯಲ್ಲಿ 2022ರ ಕೊನೆಗೆ ಕಪ್ಪು ಆಕಾಶದ ಮೀಸಲು ಪ್ರದೇಶ (ರಾತ್ರಿಯ ದೀಪಗಳ ಬೆಳಕಿಗೆ ಮಿತಿಯಿರುವ ಜಾಗ) ಘೋಷಣೆಯಾದಾಗ, ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ಭಾರತೀಯ ಖಭೌತ ಸಂಸ್ಥೆಯವರು ಅಲ್ಲಿನ ಹಳ್ಳಿಗರಿಗೇ ತರಬೇತಿಯನ್ನೂ ದೂರದರ್ಶಕವನ್ನೂ ಕೊಟ್ಟರು. ಈಗ ಬಂದ ಪ್ರವಾಸಿಗರಿಗೆ ಆಕಾಶ ತೋರಿಸುವವರು ಅವರೇ. ನಿಮ್ಮ ಮಕ್ಕಳಿಗೆ ಮೂರು ಸಂಜೆಯ ಅಭ್ಯಾಸ ಸಾಕು. ಗುರು ಮತ್ತು ಅದರ ಚಂದ್ರರು ಇದ್ದ ಜಾಗವನ್ನು ಎಂಟಕ್ಕೊಮ್ಮೆ, ಹತ್ತಕ್ಕೊಮ್ಮೆ ನೋಟ್‌ಬುಕ್ಕಿನಲ್ಲಿ ಬರೆಸಿ. ಎರಡು ದಿನಕ್ಕಿಂತ ಕಡಿಮೆ ಅವಧಿಯಲ್ಲಿ ಸುತ್ತು ಮುಗಿಸುವ, ಆ ನಾಲ್ಕು ಚಂದ್ರರಲ್ಲಿ ಒಂದಾದ ಅಯೋ ಅಷ್ಟರಲ್ಲಿಯೇ ಜರುಗಿರುವುದು ಹೆಚ್ಚಾಗಿ ಗೊತ್ತಾಗುತ್ತದೆ. ಮರುದಿನದ ತರಗತಿಯಲ್ಲಿ ಆ ಚಿತ್ರಗಳನ್ನು ಒಂದರ ಕೆಳಗೊಂದು ಅಂಟಿಸಬಹುದು.