ರಾತ್ರಿ ಕಾರ್ಗೋ ಹಾರಾಟ, ಹಗಲು ನಿದ್ದೆ ಹೇಗೆ?

ಪ್ರಶ್ನೆ: ಕಾರ್ಗೋ ಪೈಲಟ್ ಆಗಿದ್ದೇನೆ, ಬೆಂಗಳೂರಿನಿಂದ ರಾತ್ರಿ ಹಾರಾಟ. ರಜೆಗೆ ಹಾಸನಕ್ಕೆ ಬಂದರೂ ಹಗಲು ನಿದ್ದೆ ಸರಿಯಾಗಿ ಹತ್ತಲ್ಲ, ಹತ್ತುವಷ್ಟರಲ್ಲಿ ಅಮ್ಮ ತಿಂಡಿಗೆ ಎಬ್ಬಿಸುತ್ತಾರೆ. ನೀವೆಲ್ಲ ಏನು ಮಾಡ್ತೀರಿ?

ಉತ್ತರ 1: ದೇಹ ಪೂರ್ತಿ ಹೊಂದಿಕೊಳ್ಳುತ್ತೆ ಅಂತ ಕಾಯಬೇಡಿ. ರಾತ್ರಿ 2ರಿಂದ ಬೆಳಗ್ಗೆ 6ರವರೆಗೆ ಮಂಪರು ಹತ್ತೋದು ಸಹಜ, ವಿಮಾನಯಾನ ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಡಿಜಿಸಿಎ ನಿಯಮದಲ್ಲೂ ಆ ಹೊತ್ತನ್ನು ಬೇರೆಯಾಗೇ ಗುರುತಿಸಿದ್ದಾರೆ. ಡ್ಯೂಟಿ ಮುಗಿದ ಮೇಲೆ ಕ್ಯಾಬ್‌ನಲ್ಲಿ ಬನ್ನಿ, ಕಪ್ಪು ಕನ್ನಡಕ ಹಾಕಿಕೊಳ್ಳಿ, ಬೆಳಗಿನ ಬಿಸಿಲು ಕಣ್ಣಿಗೆ ಬಿದ್ದರೆ ನಿದ್ದೆ ಹಾರಿಹೋಗುತ್ತೆ.

ಉತ್ತರ 2: ನಾನು ಚಿಕ್ಕಮಗಳೂರಿನವನು, ಕಾಫಿ ಬಿಡಿ ಅನ್ನಲ್ಲ. ಆದರೆ ಅರ್ಧ ಕೆಫೀನ್ ಇಳಿಯೋಕೇ ಸುಮಾರು 5 ಗಂಟೆ ಬೇಕು, ಅದಕ್ಕೇ ಹಾರಾಟದ ಶುರುವಲ್ಲೇ ಕುಡಿದು ಮುಗಿಸಿ. ಹೊರಡುವ ಮುಂಚೆ ಸಂಜೆ ಸ್ವಲ್ಪ ಮಲಗಿ.

ಉತ್ತರ 3: ನನ್ನ ಯಜಮಾನರೂ ಪೈಲಟ್ಟೇ. ಕಿಟಕಿಗೆ ದಪ್ಪ ಪರದೆ, ಕಾಲಿಂಗ್ ಬೆಲ್ ಆಫ್. ಅಮ್ಮನಿಗೂ ಬಿಡಿಸಿ ಹೇಳಿ, ಅರ್ಥ ಮಾಡ್ಕೊಳ್ತಾರೆ. ತೀರಾ ಸುಸ್ತಾದ ದಿನ ಹಾರಲ್ಲ ಅನ್ನೋಕೆ ಸಂಕೋಚ ಬೇಡ.